ದೂರದರ್ಶಕಕ್ಕೆ ಗುರಿ ತೋರುವ ಕೆಂಪು ಚುಕ್ಕೆ

ನಮ್ಮ ಶಾಲೆಯಲ್ಲಿ ಓದಿ ಈಗ ನಾನಾ ಊರುಗಳಲ್ಲಿ ನೆಲಸಿರುವ ಹಿರಿಯ ವಿದ್ಯಾರ್ಥಿನಿಯರಿಗೂ, ತಮ್ಮ ಹೆಣ್ಣುಮಕ್ಕಳನ್ನು ನಮ್ಮಲ್ಲಿಗೆ ಕಳುಹಿಸಿರುವ ತಾಯಿತಂದೆಗಳಿಗೂ ಈ ಸ್ಮರಣ ಸಂಚಿಕೆಯ ಮೂಲಕ ಒಂದು ಚಿಕ್ಕ ಪಾಠವನ್ನು ಒಪ್ಪಿಸಲು ಅಪೇಕ್ಷಿಸುತ್ತೇವೆ. ಪಾಠವೆಂದೊಡನೆ ಪುಟವನ್ನು ಮಗುಚಬೇಡಿರಿ. ಇದು ಪರೀಕ್ಷೆಗೆ ಬರತಕ್ಕ ಪಾಠವಲ್ಲ. ನಾವೇ ಒಂದು ಸಂಜೆ ತಪ್ಪು ಮಾಡಿ, ನಮ್ಮ ವಿದ್ಯಾರ್ಥಿನಿಯೊಬ್ಬಳ ಬಾಯಿಂದ ಕಲಿತುಕೊಂಡ ಪಾಠ.

ಈಚಿನ ವರ್ಷಗಳಲ್ಲಿ ಅನೇಕ ಮನೆಗಳಲ್ಲಿ ಮಕ್ಕಳಿಗಾಗಿ ದೂರದರ್ಶಕವನ್ನು ಕೊಳ್ಳುವುದುಂಟು. ಮೊದಲನೆಯ ದಿನ ಮನೆಯವರೆಲ್ಲರೂ ಮಾಳಿಗೆಯ ಮೇಲೆ ಕೂಡುತ್ತಾರೆ. ಚಂದ್ರನನ್ನು ಹೇಗೋ ಕಂಡು ಹರ್ಷಿಸುತ್ತಾರೆ. ಎರಡನೆಯ ದಿನ ಗ್ರಹವೊಂದನ್ನು ಹುಡುಕಿ ಹುಡುಕಿ ಕತ್ತು ನೋಯಿಸಿಕೊಳ್ಳುತ್ತಾರೆ. ಮೂರನೆಯ ವಾರಕ್ಕೆ ಆ ಯಂತ್ರವು ಅಟ್ಟವನ್ನು ಸೇರುತ್ತದೆ. ಇದಕ್ಕೆ ಗಾಜಿನ ದೋಷವಾಗಲಿ ಮಕ್ಕಳ ಉದಾಸೀನವಾಗಲಿ ಕಾರಣವಲ್ಲ. ಗುರಿಯಿಡುವ ವಿದ್ಯೆಯನ್ನು ಯಾರೂ ಹೇಳಿಕೊಡದಿದ್ದುದೇ ಕಾರಣವೆಂದು ನಮ್ಮ ಅಭಿಪ್ರಾಯ.

೧. ಗುರಿಯಿಡುವುದು ಏಕೆ ಕಷ್ಟ?

ನಮ್ಮ ಶಾಲೆಯ ದೂರದರ್ಶಕದ ಕನ್ನಡಿಯ ಅಗಲವು ೧೧೪ ಮಿಲಿಮೀಟರು, ಅದರ ಸಂಗಮದೂರವು ೯೦೦ ಮಿಲಿಮೀಟರು. ಐಪೀಸ್ ಎಂದು ಕರೆಯಲ್ಪಡುವ, ಕಣ್ಣಿಟ್ಟು ನೋಡುವ ಮಸೂರಗಳು ಎರಡು ಇವೆ. ೨೫ ಮಿಲಿಮೀಟರಿನದನ್ನು ಹಾಕಿದರೆ ವಸ್ತುವು ೩೬ ಪಾಲು ದೊಡ್ಡದಾಗಿಯೂ, ೧೦ ಮಿಲಿಮೀಟರಿನದನ್ನು ಹಾಕಿದರೆ ೯೦ ಪಾಲು ದೊಡ್ಡದಾಗಿಯೂ ಕಾಣುವುದು. ಆದರೆ ದೊಡ್ಡದಾಗಿ ಕಾಣುವುದಕ್ಕೆ ನಾವು ಒಂದು ಬೆಲೆಯನ್ನು ತೆರಬೇಕು. ಮೊದಲನೆಯ ಮಸೂರದಲ್ಲಿ ಒಮ್ಮೆಗೆ ಕಾಣುವ ಆಕಾಶದ ವೃತ್ತವು ಸುಮಾರು ೧.೪ ಡಿಗ್ರಿ ಅಗಲದ್ದು. ಎರಡನೆಯದರಲ್ಲಿ ಸುಮಾರು ೦.೫೫ ಡಿಗ್ರಿ ಮಾತ್ರ. ಪೂರ್ಣಚಂದ್ರನ ಅಗಲ ಅರ್ಧ ಡಿಗ್ರಿ. ಅಂದರೆ ಎರಡನೆಯ ಮಸೂರದಲ್ಲಿ ಚಂದ್ರನೊಬ್ಬನೇ ಹಿಡಿಯುವಷ್ಟು ಸ್ಥಳವಿದೆ. ಕೈಯನ್ನು ಮುಂದಕ್ಕೆ ಚಾಚಿ ಕಿರುಬೆರಳನ್ನು ಎತ್ತಿ ಹಿಡಿದರೆ ಅದರ ಅಗಲವು ಸುಮಾರು ಒಂದು ಡಿಗ್ರಿಯಾಗುವುದು. ಆ ಬೆರಳಿನ ಅರ್ಧದಷ್ಟು ಕಿಟಕಿಯಿಂದ ಇಡೀ ಆಕಾಶವನ್ನು ನೋಡಹೊರಟಂತಾಯಿತು.

ಲೆಕ್ಕವನ್ನು ಇನ್ನೊಂದು ಬಗೆಯಾಗಿ ಹೇಳುವೆವು. ನಮ್ಮ ತಲೆಯ ಮೇಲಿನ ಅರ್ಧಗೋಳವನ್ನು ೧.೪ ಡಿಗ್ರಿಯ ವೃತ್ತಗಳಾಗಿ ಭಾಗಿಸಿದರೆ ಹದಿಮೂರು ಸಾವಿರಕ್ಕೂ ಮಿಕ್ಕ ಭಾಗಗಳಾಗುವುವು. ಅವುಗಳಲ್ಲಿ ಒಂದೇ ಒಂದರಲ್ಲಿ ನಿಮಗೆ ಬೇಕಾದ ಗ್ರಹವಿರುವುದು. ಕೊಳವೆಯನ್ನು ಅಂದಾಜಿನಿಂದ ತಿರುಗಿಸುತ್ತ ಹೋದರೆ ಸಿಕ್ಕುವುದು ದುರ್ಲಭ. ಇಷ್ಟೇ ಸಾಲದೆಂಬಂತೆ, ಭೂಮಿಯು ತಿರುಗುತ್ತಿರುವುದರಿಂದ ಆಕಾಶವು ಗಂಟೆಗೆ ೧೫ ಡಿಗ್ರಿಯಂತೆ ಸರಿಯುತ್ತಲೂ ಇರುವುದು. ಆದುದರಿಂದ ೯೦ ಪಾಲಿನ ಮಸೂರದ ನಡುವಿನಲ್ಲಿ ನಿಲ್ಲಿಸಿದ ಗ್ರಹವು ಒಂದು ನಿಮಿಷಕ್ಕಿಂತ ತುಸು ಹೆಚ್ಚು ಹೊತ್ತಿನಲ್ಲಿಯೇ ಅಂಚನ್ನು ಸೇರಿ ಮರೆಯಾಗುವುದು.

೨. ಕೆಂಪು ಚುಕ್ಕೆಯ ರಹಸ್ಯ

ಈ ಕಷ್ಟವನ್ನು ಪರಿಹರಿಸುವುದಕ್ಕಾಗಿ ದೊಡ್ಡ ಕೊಳವೆಯ ಮೇಲೆ ಒಂದು ಚಿಕ್ಕ ಸಾಧನವನ್ನು ಕೂಡಿಸಿರುತ್ತಾರೆ. ಇದಕ್ಕೆ ರೆಡ್ ಡಾಟ್ ಫೈಂಡರ್ ಎಂದು ಹೆಸರು. ಕನ್ನಡದಲ್ಲಿ ಕೆಂಪು ಚುಕ್ಕೆಯ ಶೋಧಕವೆಂದು ಹೇಳಬಹುದು. ಇದು ವಸ್ತುವನ್ನು ಕಿಂಚಿತ್ತಾದರೂ ದೊಡ್ಡದು ಮಾಡಿ ತೋರಿಸುವುದಿಲ್ಲ. ಇದರೊಳಗೆ ನಾಣ್ಯದಾಕಾರದ ಚಿಕ್ಕ ಬ್ಯಾಟರಿ, ಒಂದು ಸಣ್ಣ ಕೆಂಪು ಎಲ್‌ಇಡಿ ದೀಪ, ಅದರ ಮುಂದೆ ಸ್ವಲ್ಪ ಬಾಗಿದ ಗಾಜಿನ ಬಿಲ್ಲೆ, ಇಷ್ಟೇ ಇರುವುದು.

ಈ ಗಾಜು ಆಕಾಶದ ಬೆಳಕನ್ನು ಒಳಕ್ಕೆ ಬಿಡುವುದು, ದೀಪದ ಬೆಳಕನ್ನು ನಮ್ಮ ಕಣ್ಣಿನ ಕಡೆಗೆ ಪ್ರತಿಫಲಿಸುವುದು. ದೀಪವು ಗಾಜಿನ ಸಂಗಮಸ್ಥಾನದಲ್ಲಿರುವುದರಿಂದ ಪ್ರತಿಫಲಿಸಿದ ಕಿರಣಗಳು ಒಂದಕ್ಕೊಂದು ಸಮಾಂತರವಾಗಿ ಬರುವುವು. ನಕ್ಷತ್ರಗಳ ಕಿರಣಗಳು ಕೂಡ ಹಾಗೆಯೇ ಸಮಾಂತರವಾಗಿ ಬರತಕ್ಕವು. ಆದಕಾರಣ ಕೆಂಪು ಚುಕ್ಕೆಯು ಗಾಜಿನ ಮೇಲೆ ಅಂಟಿಕೊಂಡಂತೆ ಕಾಣದೆ ನಕ್ಷತ್ರಗಳ ನಡುವೆ ತೇಲುತ್ತಿರುವಂತೆ ತೋರುವುದು. ನೋಡುವವಳು ತಲೆಯನ್ನು ಸ್ವಲ್ಪ ಅತ್ತಿತ್ತ ಸರಿಸಿದರೂ ಚುಕ್ಕೆಯು ನಕ್ಷತ್ರವನ್ನು ಬಿಟ್ಟು ಸರಿಯುವುದಿಲ್ಲ. ಈ ಸಾಧನದಿಂದ ಆಕಾಶಕ್ಕೆ ಯಾವ ಕಿರಣವೂ ಹೊರಡುವುದಿಲ್ಲವೆಂಬುದನ್ನು ಚೆನ್ನಾಗಿ ತಿಳಿಯತಕ್ಕದ್ದು. ಲೇಸರ್ ದೀಪವೇ ಬೇರೆ, ಇದೇ ಬೇರೆ. ಚುಕ್ಕೆಯು ನೋಡುವವಳ ಕಣ್ಣಿಗೆ ಮಾತ್ರ ಕಾಣುವುದು. ಪಕ್ಕದಲ್ಲಿ ನಿಂತವಳಿಗೆ ಕಾಣದು.

ಇಂಥ ಗುರಿಯ ಗಾಜಿಗೆ ೧೯೦೦ನೆಯ ಇಸವಿಯಲ್ಲಿ ಪೇಟೆಂಟ್ ಪಡೆದವರು ಐರ್ಲೆಂಡ್ ದೇಶದ ಡಬ್ಲಿನ್ ನಗರದ ಹೊವಾರ್ಡ್ ಗ್ರಬ್ ಎಂಬವರು. ಅವರು ದೂರದರ್ಶಕಗಳನ್ನು ತಯಾರಿಸುವುದರಲ್ಲಿ ಪ್ರಸಿದ್ಧರು. ಹೈದರಾಬಾದಿನ ನಿಜಾಮಿಯಾ ವೀಕ್ಷಣಾಲಯದ ೧೫ ಅಂಗುಲದ ದೂರದರ್ಶಕವು ಗ್ರಬ್ ಹೆಸರಿನ ಕಾರ್ಖಾನೆಯದೇ. ಅವರ ಗುರಿಯ ಗಾಜಾದರೋ ಮೊದಲು ಉದ್ದೇಶಿಸಲ್ಪಟ್ಟದ್ದು ಬಂದೂಕುಗಳಿಗಾಗಿ. ಎರಡನೆಯ ಮಹಾಯುದ್ಧದಲ್ಲಿ ಯುದ್ಧವಿಮಾನಗಳು ಇದೇ ತತ್ತ್ವದ ಗುರಿಗಾಜನ್ನು ಹೊತ್ತು ಹಾರಿದವು. ಕೊಲ್ಲುವುದಕ್ಕಾಗಿ ಹುಟ್ಟಿದ ಉಪಾಯವೊಂದು ಈಗ ಮಕ್ಕಳಿಗೆ ಗ್ರಹಗಳನ್ನು ತೋರಿಸುವ ಕೆಲಸಕ್ಕೆ ಬಂದಿರುವುದು ಸಂತೋಷದ ಸಂಗತಿಯಲ್ಲವೇ? ಬಣ್ಣವು ಕೆಂಪಾಗಿರುವುದಕ್ಕೂ ಕಾರಣವುಂಟು. ಕತ್ತಲೆಗೆ ಒಗ್ಗಿದ ಕಣ್ಣನ್ನು ಮಂದವಾದ ಕೆಂಪು ಬೆಳಕು ಇತರ ಬೆಳಕುಗಳಷ್ಟು ಕೆಡಿಸುವುದಿಲ್ಲ.

೩. ಹೊಂದಿಸುವ ಕ್ರಮ

ಚುಕ್ಕೆ ತೋರಿಸುವ ದಿಕ್ಕೂ ದೊಡ್ಡ ಕೊಳವೆ ನೋಡುವ ದಿಕ್ಕೂ ಒಂದೇ ಆಗದಿದ್ದರೆ ಈ ಸಾಧನದಿಂದ ಪ್ರಯೋಜನವಿಲ್ಲ. ಎರಡನ್ನೂ ಒಂದುಗೂಡಿಸುವ ಕ್ರಮವು ಈ ಪ್ರಕಾರವಾಗಿದೆ.

ಮೊದಲು, ಹೊಸ ಸಾಧನವಾದರೆ ಬ್ಯಾಟರಿಗೆ ಅಡ್ಡವಾಗಿಟ್ಟಿರುವ ಪ್ಲಾಸ್ಟಿಕ್ ಪಟ್ಟಿಯನ್ನು ಎಳೆದು ತೆಗೆಯಬೇಕು. ಎಷ್ಟೋ ಮಂದಿ ಇದನ್ನು ಅರಿಯದೆ ದೀಪವೇ ಕೆಟ್ಟಿದೆಯೆಂದು ಅಂಗಡಿಗೆ ಹಿಂದಿರುಗಿಸಲು ಹೊರಡುವುದುಂಟು.

ಎರಡನೆಯದಾಗಿ, ಸೂರ್ಯನು ಮುಳುಗಿದ ಮೇಲೆ ಇನ್ನೂ ಬೆಳಕಿರುವಾಗಲೇ ಬಹುದೂರದ ಒಂದು ನಿಶ್ಚಲ ವಸ್ತುವನ್ನು ಆರಿಸಿಕೊಳ್ಳಬೇಕು. ಒಂದು ಕಿಲೋಮೀಟರಿಗೆ ಕಡಮೆಯಿಲ್ಲದ ದೂರದಲ್ಲಿರುವ ಗೋಪುರದ ತುದಿ, ಮೊಬೈಲ್ ಟವರಿನ ತಲೆ, ಗುಡ್ಡದ ಮೇಲಿನ ಒಂಟಿ ಮರ, ಯಾವುದಾದರೂ ಆದೀತು.

ಮೂರನೆಯದಾಗಿ, ಕಡಮೆ ಶಕ್ತಿಯ ಮಸೂರವನ್ನು, ಅಂದರೆ ೨೫ ಮಿಲಿಮೀಟರಿನದನ್ನು, ಹಾಕಿ ಆ ವಸ್ತುವನ್ನು ವೃತ್ತದ ನಟ್ಟನಡುವಿಗೆ ತರಬೇಕು. ಕನ್ನಡಿಯ ದೂರದರ್ಶಕದಲ್ಲಿ ಚಿತ್ರವು ತಲೆಕೆಳಗಾಗಿ ಕಾಣುವುದು, ಅದಕ್ಕಾಗಿ ಗಾಬರಿಯಾಗಬಾರದು. ನಡುವಿಗೆ ಬಂದ ಮೇಲೆ ಕೊಳವೆಯ ತಿರುಪುಗಳನ್ನು ಬಿಗಿಮಾಡಿ ಅದು ಕದಲದಂತೆ ಮಾಡಬೇಕು.

ನಾಲ್ಕನೆಯದಾಗಿ, ಶೋಧಕದ ಹಿಂದೆ ಒಂದು ಅಡಿಯಷ್ಟು ದೂರದಲ್ಲಿ ತಲೆಯಿಟ್ಟು, ಎರಡು ಕಣ್ಣುಗಳನ್ನೂ ತೆರೆದುಕೊಂಡು ಚುಕ್ಕೆಯನ್ನು ನೋಡಬೇಕು. ಶೋಧಕಕ್ಕೆ ಎರಡು ಚಿಕ್ಕ ತಿರುಪುಗಳಿವೆ. ಒಂದು ಚುಕ್ಕೆಯನ್ನು ಮೇಲಕ್ಕೂ ಕೆಳಕ್ಕೂ, ಇನ್ನೊಂದು ಎಡಕ್ಕೂ ಬಲಕ್ಕೂ ಸರಿಸುವುದು. ಇವುಗಳನ್ನು ತಿರುಗಿಸಿ ಚುಕ್ಕೆಯನ್ನು ಅದೇ ವಸ್ತುವಿನ ಮೇಲೆ ನಿಲ್ಲಿಸಬೇಕು. ಇಲ್ಲಿ ಕೊಳವೆಯನ್ನು ಅಲ್ಲಾಡಿಸಕೂಡದು. ಚುಕ್ಕೆಯೇ ಕೊಳವೆಯ ದಾರಿಗೆ ಬರಬೇಕೇ ಹೊರತು ಕೊಳವೆಯು ಚುಕ್ಕೆಯ ದಾರಿಗೆ ಹೋಗಬಾರದು.

ಐದನೆಯದಾಗಿ, ೧೦ ಮಿಲಿಮೀಟರಿನ ಮಸೂರವನ್ನು ಹಾಕಿ, ವಸ್ತುವು ಈಗಲೂ ನಡುವಿನಲ್ಲಿದೆಯೇ ಎಂದು ಪರೀಕ್ಷಿಸಿ, ಬೇಕಾದರೆ ಮತ್ತೊಮ್ಮೆ ತಿದ್ದಬೇಕು.

ಕತ್ತಲಾದ ಮೇಲೆ ಹೊಂದಿಸಬೇಕಾದರೆ ಧ್ರುವ ನಕ್ಷತ್ರವು ಅನುಕೂಲವಾದದ್ದು. ಮಿಕ್ಕ ನಕ್ಷತ್ರಗಳೆಲ್ಲ ಸರಿಯುತ್ತಿರುವಾಗ ಇದೊಂದು ಬಹುಮಟ್ಟಿಗೆ ನಿಂತಲ್ಲಿಯೇ ನಿಂತಿರುವುದು. ಆದರೆ ನಮ್ಮ ನಾಡಿನಲ್ಲಿ ಇದು ಎತ್ತರದಲ್ಲಿಲ್ಲ. ಮಂಗಳೂರಿನಲ್ಲಿ ದಿಗಂತದಿಂದ ಸುಮಾರು ೧೩ ಡಿಗ್ರಿ, ಧಾರವಾಡದಲ್ಲಿ ಸುಮಾರು ೧೫ ಡಿಗ್ರಿ ಮೇಲಕ್ಕೆ ಮಾತ್ರ ಇರುವುದು. ಉತ್ತರ ದಿಕ್ಕಿನಲ್ಲಿ ಮರಗಳಿದ್ದರೆ ಮರೆಯಾಗುವುದು.

೪. ನಮ್ಮ ತಪ್ಪು

ಮೇಲಿನ ಕ್ರಮವನ್ನು ಈಗ ಇಷ್ಟು ಧೈರ್ಯದಿಂದ ಬರೆಯುತ್ತಿದ್ದೇವೆ. ೨೦೨೩ನೆಯ ಇಸವಿಯ ನವೆಂಬರ್ ತಿಂಗಳಲ್ಲಿ ನಮಗೆ ಈ ಧೈರ್ಯವಿರಲಿಲ್ಲ, ಇದ್ದದ್ದು ಉತ್ಸಾಹವೊಂದೇ. ಆ ತಿಂಗಳಿನಲ್ಲಿ ಗುರುಗ್ರಹವು ಸಂಜೆಯ ಹೊತ್ತು ಪೂರ್ವದಲ್ಲಿ ಬಹು ಪ್ರಕಾಶದಿಂದ ಬೆಳಗುತ್ತಿತ್ತು. ೧೬೧೦ರ ಜನವರಿಯಲ್ಲಿ ಗೆಲಿಲಿಯೋ ಕಂಡ ಗುರುವಿನ ಚಂದ್ರರನ್ನು ನಮ್ಮ ವಸತಿಗೃಹದ ಬಾಲಿಕೆಯರಿಗೂ ತೋರಿಸಬೇಕೆಂದು ವಿಜ್ಞಾನದ ಉಪಾಧ್ಯಾಯಿನಿಯವರೂ ನಾವೂ ಆಟದ ಬಯಲಿನಲ್ಲಿ ದೂರದರ್ಶಕವನ್ನು ನಿಲ್ಲಿಸಿದೆವು. ಹೊತ್ತು ಮೀರಿದ್ದರಿಂದ ದೂರದ ಗುರಿಯನ್ನು ಹುಡುಕದೆ, ಇಪ್ಪತ್ತು ಮೀಟರಿನಾಚೆ ಇದ್ದ ನಮ್ಮ ಶಾಲೆಯ ಗಂಟೆಯ ಕಂಬದ ತುದಿಗೆ ಚುಕ್ಕೆಯನ್ನು ಹೊಂದಿಸಿದೆವು. ಅನಂತರ ಚುಕ್ಕೆಯನ್ನು ಗುರುವಿನ ಮೇಲಿಟ್ಟು ೨೫ ಮಿಲಿಮೀಟರಿನ ಮಸೂರದಲ್ಲಿ ನೋಡಿದಾಗ ಗ್ರಹವು ನಡುವಿನಲ್ಲಿರದೆ ಒಂದು ಪಕ್ಕಕ್ಕೆ ಕಾಣಿಸಿತು. ಕಂಡಿತಲ್ಲಾ ಎಂದು ತೃಪ್ತರಾಗಿ ಚಿತ್ರವನ್ನು ಸ್ಪಷ್ಟಮಾಡಿ, ೧೦ ಮಿಲಿಮೀಟರಿನದನ್ನು ಹಾಕಿ, ಚುಕ್ಕೆಯನ್ನು ಪುನಃ ಗುರುವಿನ ಮೇಲೆ ನಿಲ್ಲಿಸಿ, ಮಕ್ಕಳನ್ನು ಕರೆದೆವು. ಮಕ್ಕಳೇ ಮೊದಲು ನೋಡಲೆಂದು ನಾವು ಮತ್ತೆ ಕಣ್ಣಿಡಲಿಲ್ಲ.

ಸಾಲಿನಲ್ಲಿ ಒಬ್ಬೊಬ್ಬಳಾಗಿ ಬಂದರು. "ಕಂಡಿತೇನಮ್ಮಾ?" ಎಂದು ನಾವು ಕೇಳುವುದು, "ಕಂಡಿತು ಟೀಚರ್, ಬಹಳ ಚೆನ್ನಾಗಿದೆ" ಎಂದು ಅವರು ಹೇಳುವುದು. ಪ್ರತಿಯೊಬ್ಬಳು ನೋಡಿಯಾದ ಮೇಲೂ ನಾವು ಕೊಳವೆಯನ್ನು ಸರಿಸಿ ಚುಕ್ಕೆಯನ್ನು ಗುರುವಿನ ಮೇಲೆಯೇ ತಂದು ನಿಲ್ಲಿಸುತ್ತಿದ್ದೆವು. ಹೀಗೆ ಹನ್ನೊಂದು ಮಂದಿ ನೋಡಿದರು. ಹನ್ನೆರಡನೆಯವಳು ಎಂಟನೆಯ ತರಗತಿಗೆ ಆ ವರ್ಷವೇ ಹಳ್ಳಿಯಿಂದ ಬಂದು ಸೇರಿದ್ದ ಮಿತಭಾಷಿಯಾದ ಹುಡುಗಿ. ಬಹಳ ಹೊತ್ತು ಕಣ್ಣಿಟ್ಟು ನೋಡಿ, ತಲೆ ತಗ್ಗಿಸಿ, "ನನಗೆ ಏನೂ ಕಾಣಿಸಲಿಲ್ಲ ಟೀಚರ್. ಬರೀ ಕತ್ತಲೆ. ನನ್ನ ಕಣ್ಣೇ ಸರಿಯಿಲ್ಲವೋ ಏನೋ" ಎಂದಳು. ಸಾಲಿನಲ್ಲಿ ಒಬ್ಬಿಬ್ಬರು ನಕ್ಕರು.

ಆಗ ನಾವು ಬಗ್ಗಿ ನೋಡಿದೆವು. ಅವಳು ಹೇಳಿದ್ದೇ ನಿಜ. ಅಲ್ಲಿ ಕತ್ತಲೆಯ ಹೊರತು ಬೇರೇನೂ ಇರಲಿಲ್ಲ.

ಕಾರಣವು ಹೀಗಿದೆ. ನಮ್ಮ ಶೋಧಕವು ಕೊಳವೆಯ ನಡುಗೆರೆಯಿಂದ ಸುಮಾರು ೧೨ ಸೆಂಟಿಮೀಟರು ಮೇಲಿದೆ. ಇಪ್ಪತ್ತು ಮೀಟರಿನ ವಸ್ತುವಿಗೆ ಎರಡನ್ನೂ ಹೊಂದಿಸಿದರೆ ಎರಡು ದೃಷ್ಟಿಗಳೂ ಅಲ್ಲಿ ಕೂಡಿ, ಅದರಾಚೆಗೆ ಕತ್ತರಿಯ ಎರಡು ಬಾಯಿಗಳಂತೆ ಅಗಲುತ್ತ ಹೋಗುವುವು. ಅವುಗಳ ನಡುವಣ ಕೋನವು ೦.೩೪ ಡಿಗ್ರಿ. ೩೬ ಪಾಲಿನ ಮಸೂರದಲ್ಲಿ ನಡುವಿನಿಂದ ಅಂಚಿಗೆ ೦.೭ ಡಿಗ್ರಿ ಇರುವುದರಿಂದ ಗ್ರಹವು ಆ ದಾರಿಯ ಅರ್ಧದಲ್ಲಿ ಕಂಡಿತು. ೯೦ ಪಾಲಿನ ಮಸೂರದಲ್ಲಿ ನಡುವಿನಿಂದ ಅಂಚಿಗೆ ಇರುವುದು ೦.೨೮ ಡಿಗ್ರಿಗಿಂತಲೂ ಕಡಮೆ. ಆದುದರಿಂದ ಗ್ರಹವು ಅಂಚಿನಾಚೆಯೇ ಉಳಿಯಿತು. ಒಂದು ಕಿಲೋಮೀಟರಿನ ವಸ್ತುವಿಗೆ ಹೊಂದಿಸಿದ್ದರೆ ವ್ಯತ್ಯಾಸವು ೦.೦೦೭ ಡಿಗ್ರಿಯಷ್ಟೇ ಆಗುತ್ತಿತ್ತು. ಅದು ಲೆಕ್ಕಕ್ಕೆ ಬರತಕ್ಕದ್ದಲ್ಲ. ತಪ್ಪಿದ ಸೂಚಕವನ್ನು ನಾವು ಹನ್ನೆರಡು ಸಾರಿ ಬಹಳ ನಿಷ್ಠೆಯಿಂದ ಅನುಸರಿಸಿದ್ದೆವು!

ಮಸೂರವನ್ನು ಬದಲಿಸಿ ಗುರುವನ್ನು ನಡುವಿಗೆ ತಂದು, ಚುಕ್ಕೆಯನ್ನು ಗುರುವಿಗೇ ಹೊಂದಿಸಿ, ೧೦ ಮಿಲಿಮೀಟರಿನದನ್ನು ಪುನಃ ಹಾಕಿದೆವು. ಈ ಸಲ ನಾವು ಮೊದಲು ನೋಡಿ, ಅನಂತರ ಆ ಹುಡುಗಿಯನ್ನು ಕರೆದೆವು. ಅವಳು ಕಣ್ಣಿಟ್ಟವಳು ಸುಮ್ಮನಿದ್ದಳು. ನಾವೂ ಏನನ್ನೂ ಕೇಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ತಾನಾಗಿಯೇ, "ದುಂಡಗಿದೆ. ಅಡ್ಡಕ್ಕೆ ಪಟ್ಟೆ ಇದೆ. ಪಕ್ಕದಲ್ಲಿ ಒಂದೇ ಸಾಲಿನಲ್ಲಿ ಚುಕ್ಕೆಗಳಿವೆ" ಎಂದಳು. ಅವಳ ಕಣ್ಣು ಸರಿಯಾಗಿಯೇ ಇತ್ತು.

ಮೊದಲು ನೋಡಿ ಹೋದ ಹನ್ನೊಂದು ಮಂದಿಯನ್ನೂ ಪುನಃ ಕರೆದು ತೋರಿಸಿದೆವು. ಅವರನ್ನು ನಾವು ಗದರಿಸಲಿಲ್ಲ. ಇಲ್ಲದ್ದನ್ನು ಕಂಡಿತೆಂದು ಅವರು ಹೇಳಿದ್ದು ವಂಚನೆಯಿಂದಲ್ಲ, ನಮ್ಮ ಮೇಲಿನ ಗೌರವದಿಂದ. ಮುಂದಿನವಳು ಕಂಡಿತೆನ್ನುವಾಗ ತಾನೊಬ್ಬಳೇ ಕಾಣಲಿಲ್ಲವೆನ್ನುವ ನಾಚಿಕೆಯಿಂದ. ಹೆಣ್ಣುಮಕ್ಕಳಿಗೆ ಮನೆಯಲ್ಲಿಯೂ ಶಾಲೆಯಲ್ಲಿಯೂ ನಾವು ಇಂಥ ಮರ್ಯಾದೆಯನ್ನೇ ಕಲಿಸುತ್ತ ಬಂದಿದ್ದೇವೆ. ಆದರೆ ಉಪಾಧ್ಯಾಯಿನಿಯ ತಪ್ಪನ್ನು ಉಪಾಧ್ಯಾಯಿನಿಗೆ ತಿಳಿಸದಿರುವ ಮರ್ಯಾದೆಯಿಂದ ಯಾರಿಗೂ ಹಿತವಿಲ್ಲ. "ಕಂಡಿತೇನಮ್ಮಾ?" ಎಂದು ಕೇಳಿದ ನಮ್ಮ ಪ್ರಶ್ನೆಯೂ ತಪ್ಪಾದದ್ದೇ. ಆ ಪ್ರಶ್ನೆಯೊಳಗೆ ಉತ್ತರವೂ ಅಡಗಿತ್ತು. ಅಂದಿನಿಂದ ನಾವು "ಏನು ಕಾಣುತ್ತದೆ?" ಎಂದೇ ಕೇಳುತ್ತೇವೆ.

೫. ಆಕಾಶದಲ್ಲಿ ಬಳಸುವ ಬಗೆ

ಹೊಂದಿಸಿಯಾದ ಮೇಲೆ ಬಳಸುವುದು ಸುಲಭ. ಬರಿಗಣ್ಣಿಗೆ ಕಾಣುವ ನಕ್ಷತ್ರದ ಮೇಲೆ ಚುಕ್ಕೆಯನ್ನಿಟ್ಟು, ಕಡಮೆ ಶಕ್ತಿಯ ಮಸೂರದಲ್ಲಿ ನೋಡಿ, ನಡುವಿಗೆ ತಂದು, ಅನಂತರ ಹೆಚ್ಚಿನ ಶಕ್ತಿಗೆ ಹೋಗಬೇಕು. ಚುಕ್ಕೆಯ ಕಾಂತಿಯನ್ನು ಆದಷ್ಟು ತಗ್ಗಿಸಿಕೊಳ್ಳಬೇಕು. ಇಲ್ಲವಾದರೆ ಮಂದವಾದ ನಕ್ಷತ್ರವು ಚುಕ್ಕೆಯ ಹೊಳಪಿನಲ್ಲಿ ಮುಳುಗಿಹೋಗುವುದು. ನೆತ್ತಿಯ ಮೇಲಿನ ವಸ್ತುಗಳಿಗೆ ಗುರಿಯಿಡುವಾಗ ನೆಲಕ್ಕೆ ಮಂಡಿಯೂರಬೇಕಾಗುವುದು. ಸೀರೆ ಉಡುವ ನಮ್ಮಂಥವರು ಒಂದು ಚಿಕ್ಕ ಮಣೆಯನ್ನು ಹತ್ತಿರವಿಟ್ಟುಕೊಳ್ಳುವುದು ಲೇಸು.

ನಮ್ಮ ನಾಡಿನ ಒಕ್ಕಲಿಗರು ಮಳೆಗಳನ್ನು ಕೃತ್ತಿಕೆ, ರೋಹಿಣಿ, ಮೃಗಶಿರ, ಆರಿದ್ರೆ, ಪುನರ್ವಸು, ಪುಷ್ಯ, ಮಘೆ ಎಂದು ನಕ್ಷತ್ರಗಳ ಹೆಸರಿನಿಂದಲೇ ಕರೆಯುತ್ತಾರೆ. ಹೆಸರುಗಳನ್ನು ಬಲ್ಲವರು ಬಹಳ ಮಂದಿ; ಆ ತಾರೆಗಳನ್ನು ಕಣ್ಣಾರೆ ಕಂಡವರು ಕೆಲವರೇ. ಚಳಿಗಾಲದ ಸಂಜೆ ಚುಕ್ಕೆಯನ್ನು ಕೃತ್ತಿಕೆಯ ಮೇಲಿಟ್ಟರೆ ಅದರ ಮುಖ್ಯ ತಾರೆಗಳೆಲ್ಲ ೨೫ ಮಿಲಿಮೀಟರಿನ ಮಸೂರದ ಒಂದೇ ವೃತ್ತದಲ್ಲಿ ಕಾಣುವುವು.

ಪುಷ್ಯದ ಬಳಿಯಿರುವ ತಾರಾಗುಚ್ಛವು ಪಟ್ಟಣದ ಆಕಾಶದಲ್ಲಿ ಬರಿಗಣ್ಣಿಗೆ ಕಾಣುವುದಿಲ್ಲ. ಕಾಣದ್ದಕ್ಕೆ ಗುರಿಯಿಡುವುದು ಹೇಗೆ? ಕೆಂಪು ಚುಕ್ಕೆಯ ವಿಶೇಷ ಪ್ರಯೋಜನವು ಇಲ್ಲಿಯೇ ಕಂಡುಬರುವುದು. ಮಾರ್ಚ್ ತಿಂಗಳ ಸಂಜೆ ಪುನರ್ವಸುವಿನ ಅವಳಿ ತಾರೆಗಳಲ್ಲಿ ಹೆಚ್ಚು ಪ್ರಕಾಶವುಳ್ಳದ್ದನ್ನೂ ಮಘೆಯ ತಾರೆಯನ್ನೂ ಗುರುತಿಸಿರಿ. ಅವೆರಡರ ನಡುವೆ ಒಂದು ಗೆರೆಯನ್ನು ಮನಸ್ಸಿನಲ್ಲಿ ಎಳೆದು, ಅರ್ಧಕ್ಕಿಂತ ಸ್ವಲ್ಪ ಹಿಂದೆ, ಪುನರ್ವಸುವಿನ ಕಡೆಗೆ ಸಮೀಪವಾಗಿ, ಬರಿದಾದ ಆಕಾಶದ ಮೇಲೆ ಚುಕ್ಕೆಯನ್ನಿಡಿರಿ. ಮಸೂರದಲ್ಲಿ ನೋಡುತ್ತ ಕೊಳವೆಯನ್ನು ಸುತ್ತಲೂ ಮೆಲ್ಲನೆ ಸರಿಸಿದರೆ, ಏನೂ ಇಲ್ಲವೆಂದುಕೊಂಡಲ್ಲಿ ಹತ್ತಾರು ತಾರೆಗಳು ಚೆಲ್ಲಿದ ಅಕ್ಕಿಯಂತೆ ಕಾಣಿಸುವುವು. ದೊಡ್ಡದು ಮಾಡಿ ತೋರಿಸುವ ಶೋಧಕದಲ್ಲಿ ಆಕಾಶದ ಒಂದು ತುಂಡು ಮಾತ್ರ ಕಾಣುವುದು. ಈ ಶೋಧಕದಲ್ಲಿಯಾದರೋ ಎರಡು ಕಣ್ಣಿಗೂ ಇಡೀ ಆಕಾಶವೇ ನಕ್ಷೆಯಾಗಿ ನಿಲ್ಲುವುದು.

೬. ಎಚ್ಚರಿಕೆಗಳು

ತಾಯಿತಂದೆಗಳು ಇದನ್ನು ಗಮನವಿಟ್ಟು ಓದಬೇಕೆಂದು ಪ್ರಾರ್ಥಿಸುತ್ತೇವೆ. ದೂರದರ್ಶಕವನ್ನಾಗಲಿ ಶೋಧಕವನ್ನಾಗಲಿ ಸೂರ್ಯನ ಕಡೆಗೆ ತಿರುಗಿಸಿ ನೋಡಲೇಕೂಡದು. ದೂರದರ್ಶಕವು ಕೂಡಿಸಿ ತರುವ ಸೂರ್ಯನ ಬೆಳಕು ಕ್ಷಣಮಾತ್ರದಲ್ಲಿ ಕಣ್ಣಿನ ಒಳಪರದೆಯನ್ನು ಸುಟ್ಟುಬಿಡುವುದು. ಆ ಪರದೆಗೆ ನೋವಿನ ಅರಿವಿಲ್ಲವಾದುದರಿಂದ ಮಗುವಿಗೆ ಆ ಕೂಡಲೇ ತಿಳಿಯುವುದೂ ಇಲ್ಲ. ಕೊಳವೆಯ ಮುಂಬಾಯಿಯನ್ನು ಪೂರ್ತಿಯಾಗಿ ಮುಚ್ಚುವ ತಕ್ಕ ಸೌರಶೋಧಕದ ಹಾಳೆಯಿಲ್ಲದೆ ಸೂರ್ಯವೀಕ್ಷಣೆ ಮಾಡಬಾರದು. ಅದನ್ನು ಹಾಕಿ ನೋಡುವಾಗಲೂ ಕೆಂಪು ಚುಕ್ಕೆಯ ಸಾಧನವನ್ನು ಕಳಚಿ ಪೆಟ್ಟಿಗೆಯಲ್ಲಿಡಬೇಕು. ಹಗಲಿನಲ್ಲಿ ದೂರದರ್ಶಕವನ್ನು ಮಕ್ಕಳ ಕೈಗೆ ಸಿಕ್ಕುವಂತೆ ಬಿಡಬಾರದು.

ಚಿಕ್ಕ ಸಂಗತಿಗಳೂ ಇವೆ. ಕೆಲಸವಾದ ಕೂಡಲೇ ಚುಕ್ಕೆಯ ದೀಪವನ್ನು ಆರಿಸಬೇಕು. ಮರೆತರೆ ಮರುದಿನಕ್ಕೆ ಬ್ಯಾಟರಿ ತೀರಿರುವುದು. ಆ ನಾಣ್ಯದಾಕಾರದ ಬ್ಯಾಟರಿಯನ್ನು ಎಳೆಯ ಮಕ್ಕಳು ನುಂಗಿದರೆ ಪ್ರಾಣಾಪಾಯವುಂಟು. ಆದಕಾರಣ ಹಳೆಯದನ್ನೂ ಹೊಸದನ್ನೂ ಅವರ ಕೈಗೆಟುಕದಂತೆ ಇಡಬೇಕು. ಗಾಜಿನ ಮೇಲೆ ಇಬ್ಬನಿ ಕೂತರೆ ಸೆರಗಿನಿಂದ ಒರಸದೆ ತಾನಾಗಿಯೇ ಆರಲು ಬಿಡಬೇಕು. ಪ್ರತಿ ಸಂಜೆಯೂ ಮೊದಲು ಹೊಂದಾಣಿಕೆಯನ್ನು ಪರೀಕ್ಷಿಸಬೇಕು. ಒಂದು ಮನೆಯಿಂದ ಇನ್ನೊಂದಕ್ಕೆ ಒಯ್ಯುವಷ್ಟರಲ್ಲಿಯೇ ತಿರುಪುಗಳು ಅಲುಗಿರಬಹುದು. ಕೊನೆಯದಾಗಿ, ಗುರಿಯಿಟ್ಟವರು ತಾವೇ ಮೊದಲು ನೋಡಿ ಅನಂತರ ಇತರರನ್ನು ಕರೆಯಬೇಕು.

ಈಗ ನಮ್ಮ ಶಾಲೆಯಲ್ಲಿ ವೀಕ್ಷಣೆಯ ಸಂಜೆಗಳಿಗಾಗಿ ಒಂದು ಪುಸ್ತಕವನ್ನಿಟ್ಟಿದ್ದೇವೆ. ಅದರ ಪ್ರತಿ ಪುಟದಲ್ಲಿಯೂ ಬಳೆಯಿಟ್ಟು ಎಳೆದ ಒಂದು ವೃತ್ತವಿದೆ. ದೂರದರ್ಶಕದಲ್ಲಿ ಕಂಡದ್ದನ್ನು ಬಾಲಿಕೆಯು ಆ ವೃತ್ತದೊಳಗೆ ಬರೆದು ತಾರೀಖನ್ನೂ ಗಂಟೆಯನ್ನೂ ಹಾಕಬೇಕು. ಏನೂ ಕಾಣದಿದ್ದರೆ ವೃತ್ತವನ್ನು ಖಾಲಿಯಾಗಿಯೇ ಬಿಟ್ಟು ಸಹಿ ಮಾಡಬೇಕು. ಖಾಲಿ ವೃತ್ತವೊಂದು ಬಂದೊಡನೆ ನಾವು ಮಗುವಿನ ಕಣ್ಣನ್ನು ಸಂದೇಹಿಸದೆ ಮೊದಲು ಚುಕ್ಕೆಯನ್ನು ಪರೀಕ್ಷಿಸುತ್ತೇವೆ. ಪುಸ್ತಕದ ಮೊದಲನೆಯ ಪುಟದ ವೃತ್ತವು ಖಾಲಿಯಾಗಿದೆ. ಅದರ ಕೆಳಗೆ ಆ ಎಂಟನೆಯ ತರಗತಿಯ ಹುಡುಗಿಯ ಸಹಿಯಿದೆ.

ನಿಮ್ಮ ಮನೆಯ ಅಟ್ಟದ ಮೇಲೂ ಒಂದು ದೂರದರ್ಶಕವಿದ್ದರೆ ಕೆಳಗಿಳಿಸಿ ಧೂಳು ಕೊಡವಿರಿ. ಸಂಜೆಯ ಬೆಳಕಿನಲ್ಲಿ ದೂರದ ಗುಡ್ಡದ ಮರಕ್ಕೆ ಚುಕ್ಕೆಯನ್ನು ಹೊಂದಿಸಿರಿ. ಮಗಳನ್ನು ಕರೆದು ಏನು ಕಾಣುತ್ತದೆಂದು ಕೇಳಿರಿ. ಅವಳು ಹೇಳುವುದನ್ನು ನಂಬಿರಿ.